ವಿದ್ಯಾಲಯಗಳ ಸಹಕಾರ ಸಂಘ ಮತ್ತು ನಮ್ಮ ಮಳೆ ಪುಸ್ತಕ



ಸಂಘದ ದಾಸ್ತಾನು, ಸಾಲ ವಸೂಲಿ, ಅಡಿಕೆ ಧಾರಣೆ ಇವುಗಳ ಬಗ್ಗೆಯೇ ಈ ಪುಟದಲ್ಲಿ ಬರೆಯುವುದು ನನ್ನ ರೂಢಿ. ಈ ಸಲ ಮೇಲ್ನೋಟಕ್ಕೆ ನಮಗೆ ಸಂಬಂಧವಿಲ್ಲದಂತೆ ಕಾಣುವ ವಿಷಯವೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ನನ್ನ ಅಕ್ಕನ ಮಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದವನು ನಮ್ಮ ಕಚೇರಿಗೂ ಬಂದಿದ್ದ. ಗುಮಾಸ್ತರು ಕಂಪ್ಯೂಟರಿನ ಮುಂದೆ ಸಿಗ್ನಲ್‌ಗಾಗಿ ಕಾಯುತ್ತ ಕುಳಿತದ್ದನ್ನು ನೋಡಿ, "ಮಾವ, ನಮ್ಮಲ್ಲಿ ವಿಶ್ವವಿದ್ಯಾಲಯಗಳೇ ಸೇರಿ ನಿಮ್ಮ ಸಂಘದ ಹಾಗೇ ಒಂದು ಮಾಡಿಕೊಂಡು ತಂತಿ ಎಳೆದುಕೊಂಡಿವೆ" ಎಂದ. ಸಹಕಾರದ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವನಿಂದ ಕೇಳಿ, ಆಮೇಲೆ ನಾನೇ ಓದಿ ತಿಳಿದುಕೊಂಡದ್ದು ಇಷ್ಟು.

1966ರಲ್ಲಿ ಆ ರಾಜ್ಯದ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳು ಕೂಡಿ 'ಮೆರಿಟ್' ಎಂಬ ಸಂಸ್ಥೆಯನ್ನು ಕಟ್ಟಿದವು. ಒಂದು ಮಿಶಿಗನ್ ವಿಶ್ವವಿದ್ಯಾಲಯ, ಇನ್ನೊಂದು ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್, ಮೂರನೆಯದು 1855ರಲ್ಲಿ ಕೃಷಿ ಕಾಲೇಜಾಗಿ ಹುಟ್ಟಿದ ಮಿಶಿಗನ್ ಸ್ಟೇಟ್. ಇವರಲ್ಲಿ ಇಬ್ಬರು ಚೆಂಡಾಟದ ಮೈದಾನದಲ್ಲಿ ಹಾವು ಮುಂಗುಸಿಯಂತೆ, ಅದು ಬೇರೆ ಮಾತು. ಆಗಿನ ಕಂಪ್ಯೂಟರ್ ಎಂದರೆ ಒಂದೊಂದೂ ಒಂದು ಕೋಣೆಯನ್ನೇ ತುಂಬುವ ಯಂತ್ರ, ಬೆಲೆಯನ್ನಂತೂ ಕೇಳುವಂತಿಲ್ಲ. ಒಬ್ಬರಲ್ಲಿರುವ ಯಂತ್ರವನ್ನು ಮತ್ತೊಬ್ಬರು ಕುಳಿತಲ್ಲಿಂದಲೇ ಬಳಸುವಂತಾದರೆ ಎಲ್ಲರೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ ಎಂಬುದು ಅವರ ಲೆಕ್ಕಾಚಾರ. ಊರಿಗೊಂದು ಅಡಿಕೆ ಸುಲಿಯುವ ಯಂತ್ರವಿದ್ದರೆ ಸಾಲದೇ, ಮನೆಗೊಂದೇಕೆ ಎಂದು ನಾವು ಲೆಕ್ಕ ಹಾಕುವುದಿಲ್ಲವೇ, ಹಾಗೆ.

ಹಣವನ್ನು ರಾಜ್ಯ ಸರ್ಕಾರವೂ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಕೊಟ್ಟವು. ತೊಡಕು ಬಂದದ್ದು ಬೇರೆ ಕಡೆಯಿಂದ. ಇಬ್ಬರ ಯಂತ್ರ ಐಬಿಎಂ ಕಂಪನಿಯದು, ಮಿಶಿಗನ್ ಸ್ಟೇಟ್‌ನ ಯಂತ್ರ ಸಿಡಿಸಿ ಎಂಬ ಬೇರೆ ಕಂಪನಿಯದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಯಾರೂ ತಮ್ಮ ಯಂತ್ರವನ್ನು ಬಿಟ್ಟುಕೊಡಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಒಂದು ಸಣ್ಣ ಕಂಪ್ಯೂಟರನ್ನು ದುಭಾಷಿಯಾಗಿ ಕೂರಿಸಿದರು. 1971ರ ಡಿಸೆಂಬರಿನಲ್ಲಿ ಮೊದಲೆರಡು ಯಂತ್ರಗಳು ದೂರವಾಣಿ ತಂತಿಯ ಮೇಲೆ ಮಾತಾಡಿದವು. ಮರು ವರ್ಷ ಮೂರನೆಯದೂ ಸೇರಿತು. ಸಂಸ್ಥೆ ಹುಟ್ಟಿ ಮೊದಲ ಮಾತಿಗೆ ಐದು ವರ್ಷ! ನಮ್ಮ ಗೋದಾಮಿನ ಕಟ್ಟಡ ತಡವಾಯಿತೆಂದು ಆಡಳಿತ ಮಂಡಳಿಯನ್ನು ಬೈಯುವವರು ಇದನ್ನು ಗಮನಿಸಬೇಕು.

1987ರಲ್ಲಿ ಇದೇ ವಿಜ್ಞಾನ ಪ್ರತಿಷ್ಠಾನವು ದೇಶದ ದೊಡ್ಡ ಗಣಕ ಕೇಂದ್ರಗಳನ್ನೂ ವಿಶ್ವವಿದ್ಯಾಲಯಗಳನ್ನೂ ಕೂಡಿಸುವ ಹೆದ್ದಾರಿ ತಂತಿಯನ್ನು ನಡೆಸಲು ಯಾರು ತಯಾರಿದ್ದಾರೆಂದು ಕೇಳಿದಾಗ, ಮೆರಿಟ್ ಮುಂದೆ ಬಂತು. ಯಂತ್ರಕ್ಕೆ ಐಬಿಎಂ, ತಂತಿಗೆ ಎಂಸಿಐ ಎಂಬ ದೂರವಾಣಿ ಕಂಪನಿ, ಜೊತೆಗೆ ರಾಜ್ಯ ಸರ್ಕಾರ. ಹಳೆಯ ತಂತಿಯಲ್ಲಿ ಸೆಕೆಂಡಿಗೆ 56 ಸಾವಿರ ಬಿಟ್ ಹೋಗುತ್ತಿದ್ದಲ್ಲಿ 1988ರ ಜುಲೈನಿಂದ 15 ಲಕ್ಷ ಬಿಟ್ ಹೋಗತೊಡಗಿತು. ವಿದ್ಯಾಲಯ, ಸಂಶೋಧಕ, ಉದ್ಯಮಿ ಮೂವರೂ ಒಂದೇ ಚಪ್ಪರದಡಿ ಬಂದರು. ಇಂದಿನ ಇಂಟರ್‌ನೆಟ್‌ನ ಬೇರುಗಳಲ್ಲಿ ಇದೂ ಒಂದು ದಪ್ಪ ಬೇರು.

ಆದರೆ ಚಪ್ಪರದಲ್ಲಿ ಜಗಳವೂ ಆಯಿತು. ಆ ತಂತಿಯ ಮೇಲೆ ಶಿಕ್ಷಣ, ಸಂಶೋಧನೆಯ ಮಾತು ಮಾತ್ರ ಹೋಗಬೇಕೆಂಬ ನಿಯಮವಿತ್ತು. 1990ರಲ್ಲಿ ಪಾಲುದಾರರು ಇನ್ನೊಂದು ಸಂಸ್ಥೆ ಮಾಡಿಕೊಂಡರು; ಅದರ ಮೂಲಕ ವ್ಯಾಪಾರಕ್ಕೂ ದಾರಿ ತೆರೆದಾಗ, ಸಾರ್ವಜನಿಕರ ಹಣದಲ್ಲಿ ಕಟ್ಟಿದ ದಾರಿಯ ಸುಂಕ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಎದ್ದಿತು. ಕಡೆಗೆ 1995ರ ಏಪ್ರಿಲ್ ತಿಂಗಳಲ್ಲಿ ಆ ಹೆದ್ದಾರಿಯನ್ನು ಮುಚ್ಚಿ, ಕೆಲಸವನ್ನು ಖಾಸಗಿ ಕಂಪನಿಗಳಿಗೆ ಬಿಡಲಾಯಿತು.

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1996ರ ಹೊತ್ತಿಗೆ ನಮ್ಮ ಪೂಲ್ ಪದ್ಧತಿಯೂ ಹೀಗೆಯೇ ಮುಗಿಯಿತು. ಪೂಲ್ ಮತ್ತೆ ಬರಲಿ ಎನ್ನುವವನು ನಾನಲ್ಲ. ಆದರೆ ಮಾರುಕಟ್ಟೆ ಬಿಚ್ಚಿಕೊಂಡಾಗ ಲಾರಿಗಟ್ಟಲೆ ಬೆಳೆಯುವವನಿಗೂ ಹತ್ತು ಮೂಟೆ ಬೆಳೆಯುವವನಿಗೂ ಸಿಕ್ಕ ಗಾಳಿ ಒಂದೇ ಆಗಿರಲಿಲ್ಲ. ಮಿಶಿಗನ್‌ನಲ್ಲೂ ಅಷ್ಟೆ. ಕಂಪನಿಗಳ ತಂತಿ ಪಟ್ಟಣಗಳಿಗೆ ಓಡಿತು. ಮೈಲಿಗೆ ನಾಲ್ಕು ಮನೆಗಳಿರುವ ಕಾಡು, ಸೇಬಿನ ತೋಟಗಳ ಕಡೆ ಅಷ್ಟು ಉತ್ಸಾಹದಿಂದ ಬರಲಿಲ್ಲ. ಆಗ ನೆರವಿಗೆ ಬಂದದ್ದು ಹಳೆಯ ಸಂಘವೇ. ಮೆರಿಟ್ ಇಂದಿಗೂ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳೇ ಆಳುವ, ಲಾಭವಿಲ್ಲದ ಸಂಸ್ಥೆ. 2010ರಲ್ಲಿ ಕೇಂದ್ರ ಸರ್ಕಾರದ ಅನುದಾನ ಪಡೆದು, ಕೆಲವು ಖಾಸಗಿಯವರನ್ನೂ ಸೇರಿಸಿಕೊಂಡು, ಹಿಂದುಳಿದ ಕಡೆಗಳಲ್ಲಿ 2,000 ಮೈಲಿಗೂ ಮೀರಿ ಫೈಬರ್ ತಂತಿ ಹಾಕಿತು. ಶಾಲೆ, ಗ್ರಂಥಾಲಯ, ಆಸ್ಪತ್ರೆಗಳಿಗೆ ಅದು ತಲುಪಿತು.

ನಮ್ಮ ದೇಶದಲ್ಲಿಯೂ ಇಂಥ ಜಾಲಗಳಿವೆ. 1986ರಲ್ಲಿ ಅರ್ನೆಟ್ ಆರಂಭವಾದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಸದಸ್ಯರಲ್ಲಿ ಒಂದು. 2010ರಲ್ಲಿ 5,990 ಕೋಟಿ ರೂಪಾಯಿಗಳ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಮಂಜೂರಾತಿ ಸಿಕ್ಕಿತು. ವಿಶ್ವವಿದ್ಯಾಲಯ, ಸಂಶೋಧನಾಲಯಗಳನ್ನು ಕೂಡಿಸುವುದೇ ಅದರ ಉದ್ದೇಶ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ 2011ರಲ್ಲಿ ಬೇರೆಯಾಗಿ ಬಂತು. ಒಂದು ತಂತಿ ವಿಜ್ಞಾನಿಯ ಗೇಟಿನವರೆಗೆ, ಇನ್ನೊಂದು ಪಂಚಾಯಿತಿ ಕಟ್ಟೆಯವರೆಗೆ. ನಡುವೆ ಮಾತಾಡುವವರು ಯಾರು ಎಂಬುದನ್ನು ಯಾವ ಯೋಜನೆಯೂ ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇದರಿಂದ ಆಗುವುದೇನೆಂದು ನಾನು ಕಂಡಿದ್ದೇನೆ. 2022ರಲ್ಲಿ ಮಲೆನಾಡಿನ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದ ಸಮಯ. ಹಳದಿ ಚುಕ್ಕೆಯ ಸೋಗೆಯನ್ನು ಕೊಟ್ಟೆಯಲ್ಲಿ ಕಟ್ಟಿಕೊಂಡು ಒಂದು ಕಚೇರಿಗೆ ಹೋಗಿ ಕೊಟ್ಟುಬಂದೆ. ಉತ್ತರ ಬಂದದ್ದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ನಮ್ಮ ನೆರೆಯವರು ಅಂಗಡಿಯವರು ಹೇಳಿದ ಮೂರು ಬಗೆಯ ಔಷಧಿ ಹೊಡೆಸಿ, ಕೊನೆಗಾರರ ಕೂಲಿಗೂ ಸಾಲ ಮಾಡಿದ್ದರು. ಆ ವಿಜ್ಞಾನಿಯನ್ನು ನಾನು ದೂರುವುದಿಲ್ಲ. ಒಬ್ಬರು, ಹಲವು ತಾಲ್ಲೂಕು. 1910ರ ಸುಮಾರಿಗೆ ಮೈಸೂರು ಸರ್ಕಾರದ ಕೋಲ್ಮನ್ ಸಾಹೇಬರು ಕೊಳೆರೋಗದ ಮೂಲ ಹುಡುಕಿ ಬೋರ್ಡೋ ದ್ರಾವಣದ ದಾರಿ ತೋರಿದಾಗಲೂ ಒಬ್ಬರ ದುಡಿಮೆಯೇ ಇಡೀ ಜಾಲವಾಗಿತ್ತು. ನೂರು ವರ್ಷ ಕಳೆದರೂ ಅದೇ ಸ್ಥಿತಿಯೇ?

ಅಂದು ಆ ವಿಜ್ಞಾನಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು: "ನಿಮ್ಮ ಕಡೆ ಹಿಂದೆ ಹೀಗೆ ಬಿಡದೆ ಮಳೆ ಹಿಡಿದ ವರ್ಷ ಯಾವುದು ಸ್ವಾಮಿ?" ಪಂಚಾಯಿತಿ ಮಟ್ಟದಲ್ಲಿ ಈಗ ಸ್ವಯಂಚಾಲಿತ ಮಳೆಮಾಪಕಗಳಿವೆ, ನಿಜ. ಆದರೆ ಐವತ್ತು ವರ್ಷದ ಹಿಂದಿನ ಲೆಕ್ಕ ಅವುಗಳಲ್ಲಿಲ್ಲ. ನಮ್ಮ ತಂದೆಯವರು ಇಂಚು, ಸೆಂಟಿನಲ್ಲಿ ದಿನವೂ ಬರೆದಿಟ್ಟ ಪುಸ್ತಕವನ್ನು ತೋರಿಸಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಹೂಮಳೆ ಎಂದು ಬಿತ್ತು, ಆರಿದ್ರಾದಲ್ಲಿ ಎಷ್ಟು, ಕೊಳೆ ಎಂದು ಕಾಣಿಸಿತು, ಎರಡನೆಯ ಸಲದ ಔಷಧಿ ಎಂದು, ಎಲ್ಲವೂ ಅದರಲ್ಲಿದೆ.

ನನ್ನ ಅಭಿಪ್ರಾಯ ಇಷ್ಟೆ. ನಮ್ಮನ್ನು 'ಫಲಾನುಭವಿಗಳು' ಎಂದು ಕರೆಯುವವರೆಗೆ ತಂತಿ ನಮ್ಮ ಬಾಗಿಲಿಗೆ ಬರುವುದಿಲ್ಲ. ಮೆರಿಟ್‌ನಲ್ಲಿ ಸದಸ್ಯರಾದವರು ತಂತಮ್ಮ ಯಂತ್ರ ಇಟ್ಟುಕೊಂಡೇ ಸೇರಿದರು. ನಾವೂ ನಮ್ಮ ಮಳೆ ಲೆಕ್ಕ, ರೋಗದ ಲೆಕ್ಕ ಇಟ್ಟುಕೊಂಡೇ ಸಂಶೋಧನಾ ಕೇಂದ್ರದ ಬಾಗಿಲು ತಟ್ಟಬೇಕು. ಸಂಘದ ಕಚೇರಿ ಒಂದು ಕೊಂಡಿಯಾಗಲಿ: ನಮ್ಮಿಂದ ವಾರವಾರ ಲೆಕ್ಕ ಹೋಗಲಿ, ಅಲ್ಲಿಂದ ಎರಡನೆಯ ಸಿಂಪರಣೆಯ ಸೂಚನೆ ಆ ವಾರವೇ ಬರಲಿ. ಆದರೆ ಷರತ್ತನ್ನು ಮೊದಲೇ ಬರೆದುಕೊಳ್ಳಬೇಕು. ನಮ್ಮ ಲೆಕ್ಕ ಔಷಧಿ ಕಂಪನಿಯ ಕೈಗೆ ಹೋಗಿ ಜಾಹೀರಾತಾಗಿ ನಮ್ಮ ಮೊಬೈಲಿಗೇ ಹಿಂತಿರುಗುವುದಾದರೆ ಆ ಸದಸ್ಯತ್ವ ಬೇಡ.

ಖರ್ಚಿಗೆ ಅಡಿಕೆ, ಕಾಫಿ ಎರಡಕ್ಕೂ ಕ್ವಿಂಟಾಲಿಗೆ ಒಂದು ರೂಪಾಯಿ ಕಡಿತ ಮಾಡುವ ಠರಾವನ್ನು ಮುಂದಿನ ಸರ್ವ ಸದಸ್ಯರ ಸಭೆಯ ಮುಂದಿಡುತ್ತಿದ್ದೇನೆ. ಗೊಣಗುವವರಿದ್ದಾರೆಂದು ಗೊತ್ತು. ಗೊಣಗುವುದಕ್ಕಾದರೂ ಸಭೆಗೆ ಬರಬೇಕು. ಹೋದ ಸಲ ಕೋರಂ ಆಗದೆ ಅರ್ಧ ಗಂಟೆ ಕಾದು ಕುಳಿತಿದ್ದೆವು.

ಮನೆಯಲ್ಲಿ ಮಳೆ ಪುಸ್ತಕ ಇರುವವರು ಸಭೆಗೆ ಮುಂಚೆಯೇ ಕಚೇರಿಗೆ ತಂದುಕೊಡಬೇಕಾಗಿ ಕೋರಿಕೆ. ಗುಮಾಸ್ತರು ಪ್ರತಿ ಪುಟದ ನಕಲು ತೆಗೆದು ಅಂದೇ ಹಿಂತಿರುಗಿಸುತ್ತಾರೆ. ಅಟ್ಟದ ಮೇಲೆ ಇಲಿ ಕಡಿದಿದ್ದರೂ ಚಿಂತೆಯಿಲ್ಲ, ಉಳಿದ ಹಾಳೆಗಳನ್ನೇ ತನ್ನಿ.

ಕಾರ್ಯದರ್ಶಿ