ರಸ್ತೆಯೇ ಕಣವಾದರೆ ಮಕ್ಕಳು ನಡೆಯುವುದೆಲ್ಲಿ?

ಸುಗ್ಗಿ ಬಂತೆಂದರೆ ನಮ್ಮ ಬಾಗೂರು, ಹೊಸದುರ್ಗದ ಕಡೆ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿಯನ್ನೆಲ್ಲ ದಾರಿಯುದ್ದಕ್ಕೂ ಹರವಿ, ಬಸ್ಸು ಲಾರಿಗಳ ಚಕ್ರದಿಂದಲೇ ತುಳಿಸಿಬಿಡುತ್ತೇವೆ. ಹಿಂದೆಲ್ಲ ನೆಲ ಕೆತ್ತಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಎಳೆಸಬೇಕಿತ್ತು. ಮಕ್ಕಳೇ, ಆ ಪಾಡು ಏನೆಂದು ನಿಮ್ಮ ಅಜ್ಜನನ್ನು ಕೇಳಿ. ಈಗ ಎತ್ತು ಕಡಿಮೆ, ಆಳು ಸಿಗುವುದಿಲ್ಲ. ಹಾಗಾಗಿ ರೈತರನ್ನು ಬೈಯುವುದು ಸರಿಯಲ್ಲ. ಆದರೆ ರಸ್ತೆಯ ಅಂಚಿನಲ್ಲಿ ಹುಲ್ಲು ಹರಡಿ, ಅದು ಚೆದುರದಂತೆ ದಪ್ಪ ಕಲ್ಲು ಇಟ್ಟಾಗ, ಹಟ್ಟಿಯಿಂದ ಶಾಲೆಗೆ ಬರುವ ಮಕ್ಕಳು ರಸ್ತೆಯ ನಡುವೆಯೇ ನಡೆಯಬೇಕಾಗುತ್ತದೆ. ಹುಲ್ಲಿನ ಮೇಲೆ ಬೈಕು ಜಾರುವುದೂ ಅಲ್ಲಿಯೇ.

ಮಕ್ಕಳು ನಡೆದೇ ಬರುತ್ತಾರೆಂದು ಕಾನೂನಿಗೂ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಂತೆ, ಐದನೇ ತರಗತಿವರೆಗಿನ ಶಾಲೆ ಮನೆಯಿಂದ 1 ಕಿ.ಮೀ. ಒಳಗೆ, ಆರರಿಂದ ಎಂಟರವರೆಗಿನದು 3 ಕಿ.ಮೀ. ಒಳಗೆ ಇರಬೇಕು. ಚೀಲ ಹೊತ್ತ ಪುಟ್ಟ ಕಾಲಿಗೆ 3 ಕಿ.ಮೀ. ಎಂದರೆ ಮುಕ್ಕಾಲು ಗಂಟೆಯ ದಾರಿ.

ಜಪಾನಿನ ಟೋಕಿಯೊದಲ್ಲಿ ವಾಹನಗಳು ಹೆಚ್ಚುತ್ತಿದ್ದ ಕಾಲ. 1959ರಲ್ಲಿ ಅಲ್ಲಿ ಶಾಲೆ ದಾರಿಯ ತಿರುವುಗಳಲ್ಲಿ ಮಕ್ಕಳನ್ನು ದಾಟಿಸಲು ಹೆಂಗಸರನ್ನು ನಿಲ್ಲಿಸಿದರು. ಮಕ್ಕಳಿಗೆ ಅವರು ‘ಹಸಿರು ಅತ್ತೆ’ಯರು! ಇಂದಿಗೂ ಆ ದೇಶದ ಎಷ್ಟೋ ಊರುಗಳಲ್ಲಿ ಹಳದಿ ಬಾವುಟ ಹಿಡಿದು ನಿಲ್ಲುವವರು ಆ ಬೀದಿಯ ಅಜ್ಜ ಅಜ್ಜಿಯರೇ. ಮಕ್ಕಳು ಒಟ್ಟುಗೂಡಿ ಸಾಲಾಗಿ ಹೋಗುತ್ತಾರೆ. ದೊಡ್ಡ ತರಗತಿಯವರು ಮುಂದೆ ಹಿಂದೆ, ಚಿಕ್ಕವರು ನಡುವೆ.

ಅಜ್ಜಂದಿರೇ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನೀವು ಅರಳಿಕಟ್ಟೆಯಲ್ಲೋ ಟೀ ಅಂಗಡಿಯಲ್ಲೋ ಹೇಗೂ ಕೂತಿರುತ್ತೀರಿ. ಇಬ್ಬರು ಅರ್ಧ ಗಂಟೆ ತಿರುವಿನ ಬಳಿ ಬಂದು ನಿಂತರೆ ಆಯಿತು. ಹೆಗಲ ಮೇಲಿನ ಕೆಂಪು ಟವಲೇ ಬಾವುಟ. ವಾಹನಕ್ಕೆ ಅಡ್ಡ ಹೋಗಬೇಡಿ, ಅಂಚಿನಲ್ಲೇ ನಿಂತು ಬೀಸಿ. ಅದು ನಿಂತ ಮೇಲೆ ಮಕ್ಕಳನ್ನು ದಾಟಿಸಿ. ಮಕ್ಕಳೇ, ನೀವು ರಸ್ತೆಯ ಬಲಬದಿಯಲ್ಲೇ ನಡೆಯಿರಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ. ಬೆಳಿಗ್ಗೆಯ ಬಲಬದಿ ಸಂಜೆಗೆ ಎಡಬದಿಯಾಗುವುದರಿಂದ, ಒಕ್ಕುವವರು ಎರಡೂ ಅಂಚಿನಲ್ಲಿ ಎರಡೆರಡು ಅಡಿ ಬಿಡಬೇಕು. ಸಂಜೆ ಕಲ್ಲುಗಳನ್ನೂ ಎತ್ತಿಡಬೇಕು. ಕತ್ತಲಲ್ಲಿ ಅವು ಯಾರಿಗೂ ಕಾಣುವುದಿಲ್ಲ.

ಒಕ್ಕಣೆಯನ್ನು ರಸ್ತೆಯಿಂದಲೇ ತೆಗೆಯಬೇಕಾದರೆ ಬೇರೆ ಜಾಗ ಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿವೆ. ಇದನ್ನು ಕೇಳಲು ಮಕ್ಕಳಿಗೇ ಒಂದು ಸಭೆ ಇದೆ: ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ, ರಾಗಿ ಕೊಯ್ಲಿನ ಹೊತ್ತಿಗೇ. ಅಲ್ಲಿ ಎದ್ದು ನಿಂತು ‘ರಸ್ತೆ ಸರಿಮಾಡಿಸಿ’ ಎಂದಷ್ಟೇ ಹೇಳಿ ಕೂತುಬಿಡಬೇಡಿ. ಯಾವ ತಿರುವು, ಎಷ್ಟು ಗಂಟೆಗೆ, ಎಷ್ಟು ಮಕ್ಕಳು ಹಾದುಹೋಗುತ್ತಾರೆ ಎಂದು ಒಂದು ವಾರ ಎಣಿಸಿ, ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎಣಿಸುವಾಗ ಅಜ್ಜನೋ ಅಜ್ಜಿಯೋ ಜೊತೆಗಿರಲಿ.