ತಿನ್ನೋ ರುಚಿ ಬೇರೆ, ಉಸಿರಾಡೋ ರುಚಿ ಬೇರೆ

ಸಿಡ್ನಿಯಿರಲಿ, ಮೆಲ್ಬರ್ನ್ ಇರಲಿ, ಹೊಸದಾಗಿ ವೇಪ್ ಹಿಡಿದವರ ಮೊದಲ ಪ್ರಶ್ನೆ: ಯಾವ ಫ್ಲೇವರ್ ಚೆನ್ನಾಗಿರತ್ತೆ?

ಆಸ್ಟ್ರೇಲಿಯಾದ ಕಾನೂನು ಆಯ್ಕೆಯನ್ನು ಮೂರಕ್ಕೆ ಇಳಿಸಿದೆ: ಪುದೀನ, ಮೆಂಥಾಲ್, ತಂಬಾಕು. 2024ರ ಜುಲೈ 1ರಿಂದ ಫಾರ್ಮಸಿ ಬಿಟ್ಟು ಬೇರೆಲ್ಲೂ ಮಾರುವಂತಿಲ್ಲ. ಮಾವು, ಸ್ಟ್ರಾಬೆರಿ ಸಿಕ್ಕರೆ ಅದು ಕಳ್ಳಮಾಲು. ಇದು ಅತಿಯಾಯ್ತು ಅನ್ನೋರಿದ್ದಾರೆ. ನಮಗೆ ಹಾಗನ್ನಿಸಲ್ಲ.

ಚಕ್ಕೆಯ ಘಮಕ್ಕೆ ಕಾರಣ ಸಿನ್ನಮಾಲ್ಡಿಹೈಡ್, ಬೆಣ್ಣೆಯದಕ್ಕೆ ಡಯಾಸೆಟೈಲ್. ಪಲಾವಿನ ಚಕ್ಕೆಯನ್ನು ಹೊಟ್ಟೆ, ಲಿವರ್ ಸಂಭಾಳಿಸ್ತವೆ. ಶ್ವಾಸಕೋಶಕ್ಕೆ ಅಂಥ ಕಾವಲಿಲ್ಲ. ಅದರ ಗಾಳಿಚೀಲದ ಗೋಡೆ ಕೂದಲೆಳೆಗಿಂತಲೂ ಎಷ್ಟೋ ತೆಳು. 2000ದಲ್ಲಿ ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬೆಳಕಿಗೆ ಬಂತು. ಅವರು ಉಸಿರಾಡಿದ್ದು ಬೆಣ್ಣೆ ಫ್ಲೇವರಿನ ಆವಿ. ಆಸ್ಟ್ರೇಲಿಯಾದಲ್ಲಿ ವೇಪ್ ದ್ರವಕ್ಕೆ ಈ ಎರಡನ್ನೂ ಹಾಕುವಂತಿಲ್ಲ. ಕಳ್ಳಮಾಲಿನಲ್ಲಿ ಏನಿದೆ ಅಂತ ನೋಡೋರು ಯಾರು?

ಹಾಗಂತ ಮೆಂಥಾಲ್ ಸಾಧುವೇನಲ್ಲ. ಅದು ತಂಪನ್ನು ಗುರುತಿಸುವ ನರಗಳನ್ನು ಕೆಣಕಿ, ನಿಕೋಟಿನ್‌ನಿಂದಾಗುವ ಗಂಟಲುರಿಯನ್ನು ಮರೆಸತ್ತೆ. ಗಂಟಲು 'ಬೇಡ' ಅಂದದ್ದು ನಮಗೆ ಕೇಳಿಸೋದೇ ಇಲ್ಲ. ಫ್ಲೇವರ್ 'ಚೆನ್ನಾಗಿದೆ' ಅಂದ್ರೆ ಎಷ್ಟೋ ಸಲ ಅರ್ಥ ಇಷ್ಟೇ.

ಸಿಗರೇಟ್ ಬಿಡಲು ವೇಪ್ ಹಿಡಿದಿದ್ದೀರಾ? ರುಚಿಯ ಜೊತೆಗೆ ಬಿಡುವ ದಿನವನ್ನೂ ವೈದ್ಯರ ಹತ್ತಿರ, ಫಾರ್ಮಸಿಯಲ್ಲಿ ಮಾತಾಡಿ ಗೊತ್ತುಮಾಡಿಕೊಳ್ಳಿ. ಕ್ವಿಟ್‌ಲೈನ್ ಸಂಖ್ಯೆ 13 7848. ಸಿಗರೇಟನ್ನೇ ಮುಟ್ಟದವರಾದ್ರೆ, ನಮ್ಮ ಪ್ರಕಾರ ನಿಮಗೆ ಹೊಂದೋ ಫ್ಲೇವರ್ ಒಂದೂ ಇಲ್ಲ. ಮಾವು ಬೇಕಾ? ಹಣ್ಣು ಕೊಯ್ದು ತಿನ್ನಿ.