ಮೈಕಿಗೆ ಮೊದಲು ಕೌದಿ

ನವೆಂಬರ್ ಹತ್ತಿರ ಬಂತು ಅಂದ್ರೆ ನಮ್ಮ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ: "ರಾಜ್ಯೋತ್ಸವಕ್ಕೆ ಒಂದು ಹಾಡು ರೆಕಾರ್ಡ್ ಮಾಡ್ಬೇಕು, ಐದು ಸಾವಿರದೊಳಗೆ ಯಾವ ಮೈಕ್ ತಗೊಳ್ಳಲಿ?" ಉತ್ತರವಾಗಿ ಹತ್ತು ಲಿಂಕ್ ಬೀಳುತ್ತವೆ, ಹತ್ತೂ ಬೇರೆ ಬೇರೆ. ಒಬ್ಬರು ಕಂಡೆನ್ಸರ್ ಅಂತಾರೆ, ಇನ್ನೊಬ್ಬರು ಯುಎಸ್‌ಬಿ ಅಂತಾರೆ, ಮತ್ತೊಬ್ಬರು "ಇನ್ನೂ ಸ್ವಲ್ಪ ದುಡ್ಡು ಕೂಡಿಸಿ ಒಳ್ಳೇದೇ ತಗೋ ಗುರು" ಅಂತಾರೆ. ಚರ್ಚೆ ಮುಗಿಯೋದ್ರೊಳಗೆ ಇಂಟರ್ನಲ್ಸ್ ಬಂದಿರುತ್ತೆ. ಹಾಡು ಹಾಗೇ ಉಳಿಯುತ್ತೆ.

ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ. ಹಾಸ್ಟೆಲ್ಲಲ್ಲೋ ಮನೆಯಲ್ಲೋ ಹಾಡೋರು ಮೊದಲ ಖರ್ಚನ್ನು ಮೈಕಿನ ಮೇಲೆ ಮಾಡಬಾರದು. ಮೊದಲು ಕೋಣೆ ಸರಿ ಮಾಡ್ಕೊಳ್ಳಿ, ಆಮೇಲೆ ಬಾಯಿಗೂ ಮೈಕಿಗೂ ಇರೋ ದೂರ ಸರಿ ಮಾಡ್ಕೊಳ್ಳಿ. ಅದಾದ ಮೇಲೂ ಮೈಕ್ ಬೇಕು ಅನಿಸಿದ್ರೆ ಒಬ್ಬೊಬ್ಬರೇ ಕೊಳ್ಳೋ ಬದಲು ಕ್ಯಾಂಪಸ್ಸಿಗೆ ಒಂದು ಒಳ್ಳೆ ಸೆಟ್ ಇರಲಿ.

ಇದು ಬರೀ ಉಳಿತಾಯದ ಉಪದೇಶ ಅಲ್ಲ. ಲೆಕ್ಕ ಹಾಕಿ ನೋಡೋಣ, ಹೇಗೂ ನಾವು ಇಂಜಿನಿಯರಿಂಗ್ ಓದ್ತಿರೋರು.

ನಮ್ಮ ಕೋಣೆಗಳು ಸುಮಾರು ಹತ್ತಡಿ-ಹತ್ತಡಿ. ನೆಲಕ್ಕೆ ಟೈಲ್ಸ್, ಗೋಡೆಗೆ ಗಾರೆ, ಒಂದು ಕಬ್ಬಿಣದ ಬೀರು, ಗಾಜಿನ ಕಿಟಕಿ. ಎಲ್ಲವೂ ಸದ್ದನ್ನು ವಾಪಸ್ ಎಸೆಯುವಂಥವು. ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೀರಿ. ಚಪ್ಪಾಳೆ ಮುಗಿದ ಮೇಲೂ "ಟ್ಯಾಂಯ್" ಅಂತ ಬಾಲ ಉಳಿದ್ರೆ, ನಿಮ್ಮ ಪ್ರತಿ ಸ್ವರದ ಹಿಂದೆಯೂ ಅದೇ ಬಾಲ ರೆಕಾರ್ಡ್ ಆಗುತ್ತೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಎದುರುಬದುರು ಗೋಡೆಗಳ ಮಧ್ಯೆ 3 ಮೀಟರ್ ಇದ್ರೆ ಸುಮಾರು 57 ಹರ್ಟ್ಜ್‌ನಲ್ಲೂ ಅದರ ದುಪ್ಪಟ್ಟು 114 ಹರ್ಟ್ಜ್‌ನಲ್ಲೂ ಕೋಣೆಯೇ ಅನುರಣಿಸುತ್ತೆ. ಗಂಡುದನಿಯ ಮೂಲ ಆವರ್ತನ ಇರೋದೇ ಹೆಚ್ಚುಕಡಿಮೆ 85ರಿಂದ 180ರ ಮಧ್ಯೆ. ಒಂದು ಸ್ವರ ಮಾತ್ರ "ಗುಂಯ್" ಅಂತ ಉಬ್ಬಿ ಕೇಳಿಸಿದ್ರೆ ಕಾರಣ ಗಂಟಲೇ ಆಗಬೇಕಿಲ್ಲ, ಗೋಡೆಯೂ ಆಗಿರಬಹುದು. ನಮ್ಮ ಮಿದುಳು ಇದನ್ನೆಲ್ಲ ಸೋಸಿ ಕೇಳಿಸುತ್ತೆ, ಮೈಕ್ ಸೋಸಲ್ಲ. ಮೈಕ್ ಎಷ್ಟು ಸೂಕ್ಷ್ಮವೋ ಕೋಣೆಯ ದೋಷವೂ ಅಷ್ಟೇ ಸ್ಪಷ್ಟ.

ಪರಿಹಾರ ಊರಿಂದ ತಂದ ಟ್ರಂಕಿನಲ್ಲೇ ಇದೆ. ಉತ್ತರ ಕರ್ನಾಟಕದವರ ಹತ್ತಿರ ಕೌದಿ ಇರುತ್ತೆ, ಉಳಿದವರ ಹತ್ತಿರ ಕಂಬಳಿನೋ ದಪ್ಪ ರಗ್ಗೋ ಇರುತ್ತೆ. ಎರಡು ಮೂರು ಪದರ ಮಾಡಿ ಹಗ್ಗದ ಮೇಲೆ ಇಳಿಬಿಡಿ. ಎಲ್ಲಿ ಅನ್ನೋದು ಮುಖ್ಯ. ಹೆಚ್ಚಿನವರು ಮೈಕಿನ ಹಿಂದೆ ಕಟ್ತಾರೆ. ಹಾಡೋರು ಬಳಸೋ ಮೈಕುಗಳು ಸಾಮಾನ್ಯವಾಗಿ ಕಾರ್ಡಿಯಾಯ್ಡ್, ಅಂದ್ರೆ ಎದುರಿನದನ್ನು ಚೆನ್ನಾಗಿ, ಹಿಂದಿನದನ್ನು ಕಡಿಮೆ ಕೇಳಿಸಿಕೊಳ್ಳುವಂಥವು. ಅದರ ಎದುರಿಗೆ ಇರೋದು ನೀವು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ಆದ್ದರಿಂದ ಕೌದಿ ನಿಮ್ಮ ಬೆನ್ನ ಹಿಂದೆ ಇರಬೇಕು, ಸಾಧ್ಯವಾದ್ರೆ ಅಕ್ಕಪಕ್ಕದಲ್ಲೂ. ಗೋಡೆಗೆ ಅಂಟಿಸಬೇಡಿ, ಅರ್ಧ ಅಡಿ ಬಿಡಿ. ಇಷ್ಟಕ್ಕೆ 57 ಹರ್ಟ್ಜ್ ಅಡಗಲ್ಲ, ಆದ್ರೆ ಆ "ಟ್ಯಾಂಯ್" ಮಾಯವಾಗುತ್ತೆ. ಮೊಟ್ಟೆಯ ಟ್ರೇ ಅಂಟಿಸಿದ್ರೆ ಇದರ ಅರ್ಧದಷ್ಟೂ ಲಾಭ ಇಲ್ಲ. ತೆಳು ಫೋಮ್ ಕೂಡ ಮೇಲಿನ ಆವರ್ತನಗಳನ್ನಷ್ಟೇ ಹೀರುತ್ತೆ, ಕೋಣೆ ಮಂಕಾಗುತ್ತೆ, ಗುಂಯ್ ಉಳಿಯುತ್ತೆ.

ಇನ್ನು ದೂರ. ನಿಮ್ಮ ದನಿ ಮೈಕಿಗೆ ನೇರವಾಗಿ ತಲುಪುವ ಮಟ್ಟ, ದೂರ ಅರ್ಧ ಆದಾಗಲೆಲ್ಲ 6 ಡೆಸಿಬೆಲ್ ಏರುತ್ತೆ. ಗೋಡೆಗಳಿಂದ ವಾಪಸ್ ಬರೋ ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತೆ. 60 ಸೆಂಟಿಮೀಟರ್ ದೂರದಿಂದ 15ಕ್ಕೆ ಬಂದ್ರೆ, ಕೋಣೆಗೆ ಹೋಲಿಸಿದಾಗ ನಿಮ್ಮ ದನಿಗೆ 12 ಡೆಸಿಬೆಲ್ ಮೇಲುಗೈ. ಒಂದು ಪೈಸೆ ಖರ್ಚಿಲ್ಲ. ತೀರಾ ಹತ್ತಿರ ಹೋದ್ರೆ ಎರಡು ತೊಂದರೆ: ಮಂದ್ರ ದಪ್ಪಗಾಗುತ್ತೆ, ಮತ್ತೆ ಪ, ಬ ಬಂದಾಗ, ಅದರಲ್ಲೂ ನಮ್ಮ ಮಹಾಪ್ರಾಣ ಭಕಾರ ಬಂದಾಗ, ಉಸಿರು ಹೋಗಿ ಮೈಕಿಗೆ ಬಡಿಯುತ್ತೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ ಬಾಯಿ ಕಡೆ ತಿರುಗಿಸಿ. ಎಂಬ್ರಾಯ್ಡರಿ ರಿಂಗಿಗೆ ಹಳೇ ನೈಲಾನ್ ಬಟ್ಟೆ ಬಿಗಿದು ಮಧ್ಯೆ ನಿಲ್ಲಿಸಿದ್ರೆ ಪಾಪ್ ಫಿಲ್ಟರ್ ಸಿದ್ಧ. ಫ್ಯಾನ್ ಆಫ್ ಮಾಡೋದನ್ನ ಮಾತ್ರ ಮರೀಬೇಡಿ.

ಈಗ ಮೈಕಿನ ವಿಷಯ. "ಸ್ಟುಡಿಯೋ ಕಂಡೆನ್ಸರ್" ಅಂತ ಸಾವಿರ ಚಿಲ್ಲರೆಗೆ ಸ್ಟ್ಯಾಂಡು, ಸ್ಪಂಜು ಎಲ್ಲ ಸೇರಿಸಿ ಮಾರೋ ಕಿಟ್‌ಗಳಿಂದ ದೂರ ಇರಿ ಅಂತೀವಿ. ಸ್ಟುಡಿಯೋ ಕಂಡೆನ್ಸರ್‌ಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಲ್ಯಾಪ್‌ಟಾಪಿನ ಮೈಕ್ ಜ್ಯಾಕಿನಲ್ಲಿ ಸಿಗೋದು ಕೆಲವೇ ವೋಲ್ಟ್. ಫಲ ಏನು? ಸಣ್ಣ ದನಿ, ಅದರ ಜೊತೆ "ಸ್ಸ್ಸ್" ಅನ್ನೋ ಗದ್ದಲ. ಒಳ್ಳೆ ಕಂಡೆನ್ಸರ್ ನಿಜಕ್ಕೂ ಒಳ್ಳೇದೇ, ಅದರಲ್ಲಿ ಉಸಿರಿನ ಎಳೆ ಎಳೆಯೂ ಕೇಳಿಸುತ್ತೆ. ಆದ್ರೆ ಕಾರಿಡಾರಿನಲ್ಲಿ ಬಕೆಟ್ ಎಳೆಯೋದೂ ಅಷ್ಟೇ ಚೆನ್ನಾಗಿ ಕೇಳಿಸುತ್ತೆ.

ನಮ್ಮ ಆಯ್ಕೆ ಡೈನಮಿಕ್ ಮೈಕ್. ಅದು ಕೋಣೆಯನ್ನು ಮಾಯ ಮಾಡಲ್ಲ. ಬಾಯಿ ಹತ್ತಿರ ಇಟ್ಕೊಂಡು ಹಾಡೋಕೆ ಅಂತಲೇ ಮಾಡಿದ್ದು, ಹತ್ತಿರ ಹಾಡಿದಾಗ ಕೋಣೆ ತಾನಾಗೇ ಹಿಂದೆ ಸರಿಯುತ್ತೆ, ಅಷ್ಟೇ. ಕೆಳಗೆ ಬಿದ್ರೂ ಬಹಳಷ್ಟು ಸಲ ಬದುಕಿಕೊಳ್ಳುತ್ತೆ. ವೇದಿಕೆಗಳಲ್ಲಿ ನಾವೆಲ್ಲ ನೋಡಿರೋ ಉಂಡೆ ತಲೆಯ ಶೂರ್ ಎಸ್‌ಎಂ58 ಬಂದಿದ್ದು 1966ರಲ್ಲಿ, ಇವತ್ತಿಗೂ ತಯಾರಾಗ್ತಿದೆ. "ಅದು ಸ್ಟೇಜ್ ಮೈಕು, ರೆಕಾರ್ಡಿಂಗಿಗೆ ಬರಲ್ಲ" ಅನ್ನೋರಿಗೆ ಒಂದು ಮಾತು: 1982ರ 'ಥ್ರಿಲ್ಲರ್' ಆಲ್ಬಂನಲ್ಲಿ ಮೈಕೆಲ್ ಜಾಕ್ಸನ್ ದನಿಗೆ ಬಳಸಿದ ಶೂರ್ ಎಸ್‌ಎಂ7 ಕೂಡ ಡೈನಮಿಕ್ ಮೈಕೇ. ಸ್ಟುಡಿಯೋನೇ ಬೇಕು ಅನ್ನೋರಿಗೆ ಇನ್ನೊಂದು: ಬಿಲೀ ಐಲಿಶ್ 2019ರ ಆಲ್ಬಂ ಮಾಡಿದ್ದು ಲಾಸ್ ಏಂಜಲೀಸ್‌ನಲ್ಲಿ ಅಣ್ಣ ಫಿನಿಯಸ್‌ನ ಮಲಗೋ ಕೋಣೆಯಲ್ಲಿ. 2020ರಲ್ಲಿ ಅದಕ್ಕೆ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಬಂತು.

ಜೇಬಿನ ಪ್ರಕಾರ ಹೇಳೋದಾದ್ರೆ ಮೂರು ಮೆಟ್ಟಿಲು. ದುಡ್ಡೇ ಇಲ್ಲ ಅಂದ್ರೆ ಕೈಲಿರೋ ಫೋನ್. ಫ್ಲೈಟ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಇಡಿ, ವಾಟ್ಸಾಪ್ ವಾಯ್ಸ್ ನೋಟ್ ಬಿಟ್ಟು ವೇವ್ ಫೈಲ್ ಉಳಿಸುವ ರೆಕಾರ್ಡರ್ ಆ್ಯಪ್ ಬಳಸಿ. ಸಾವಿರದ ಆಸುಪಾಸಿನಲ್ಲಿ ಬೋಯಾ ಬಿವೈ-ಎಂ1 ತರಹದ ಕಾಲರ್ ಮೈಕ್. ಅದು ಎಲ್ಲಾ ದಿಕ್ಕಿನ ಸದ್ದನ್ನೂ ಹಿಡಿಯುತ್ತೆ, ಹಾಗಾಗಿ ನಿಶ್ಶಬ್ದ ಕೋಣೆಯಲ್ಲಿ ಮಾತು, ಕವನ ವಾಚನಕ್ಕೆ ಸರಿ. ಮೂರನೇದು, ಎಲ್ಲಾ ಸೇರಿ ಎಂಟು-ಹತ್ತು ಸಾವಿರದ ಸೆಟ್: ಬೆಹ್ರಿಂಗರ್ ಎಕ್ಸ್‌ಎಂ8500 ತರಹದ ಕಡಿಮೆ ಬೆಲೆಯ ಡೈನಮಿಕ್ ಮೈಕ್, ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ಎಕ್ಸ್‌ಎಲ್‌ಆರ್ ಕೇಬಲ್, ಸ್ಟ್ಯಾಂಡ್. ಇಂಟರ್‌ಫೇಸ್ ಕೊಳ್ಳೋವಾಗ ಗೇನ್ 50 ಡೆಸಿಬೆಲ್‌ಗಿಂತ ಹೆಚ್ಚಿದೆಯಾ ನೋಡಿ, ಡೈನಮಿಕ್ ಮೈಕಿಗೆ ಅದು ಬೇಕು. ನಿಮ್ಮ ದನಿ ತಡವಾಗದೆ ಹೆಡ್‌ಫೋನಿಗೆ ಬರೋ ಡೈರೆಕ್ಟ್ ಮಾನಿಟರಿಂಗ್ ಇದೆಯಾ ಅಂತಲೂ ನೋಡಿ. ಎಸ್‌ಎಂ58 ಅರ್ಧ ಬೆಲೆಗೆ ಸಿಕ್ತು ಅಂದ್ರೆ ಖುಷಿಪಡೋ ಮುಂಚೆ ಬಿಲ್ ಕೇಳಿ. ಮಾರುಕಟ್ಟೆಯಲ್ಲಿ ನಕಲಿ ಬಹಳ. ಸಾಫ್ಟ್‌ವೇರಿಗೆ ದುಡ್ಡು ಬೇಡ, ಅಡಾಸಿಟಿ ಉಚಿತ. ಅದು 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ನಮ್ಮಂಥದ್ದೇ ಒಂದು ಕ್ಯಾಂಪಸ್ಸಿನಲ್ಲಿ ಶುರುವಾದ ಕೆಲಸ.

ಈ ಮೂರನೇ ಮೆಟ್ಟಿಲಿನ ಬಗ್ಗೆಯೇ ನಮ್ಮ ಒತ್ತಾಯ. ಲೈಬ್ರರಿಯಲ್ಲಿ ಬುಕ್ ಬ್ಯಾಂಕ್ ಇದೆ, ಲ್ಯಾಬಿನಲ್ಲಿ ಮೂವತ್ತು ಜನರಿಗೆ ಹತ್ತು ಸಿಆರ್‌ಒ ಇವೆ. ಹಾಡೋಕೆ ಮಾತ್ರ ಯಾಕೆ ಒಬ್ಬೊಬ್ಬರೂ ಮನೆಯಿಂದ ದುಡ್ಡು ತರಿಸಬೇಕು? ವರ್ಷಕ್ಕೆ ನಾಲ್ಕು ಹಾಡು ರೆಕಾರ್ಡ್ ಮಾಡೋರಿಗೆ ಸ್ವಂತ ಮೈಕ್ ಬೇಕಿಲ್ಲ. ಕಲ್ಚರಲ್ ಫಂಡಿನಲ್ಲಿ ಒಂದೆರಡು ಫ್ಲೆಕ್ಸ್ ಕಡಿಮೆ ಮಾಡಿ ಕ್ಲಬ್ ಒಂದು ಸೆಟ್ ಕೊಳ್ಳಲಿ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಎರಡು ದಿನಕ್ಕೆ ಕೊಡಲಿ. "ಹಾಳು ಮಾಡ್ತಾರೆ" ಅನ್ನೋ ಭಯ ಸಹಜ. ಅದಕ್ಕೇ ಡೈನಮಿಕ್ ಮೈಕ್ ಅಂತ ಹೇಳಿದ್ದು.

ಇಷ್ಟೆಲ್ಲ ಹೇಳೋಕೆ ಹಾಡಿನ ಕವರ್‌ಗಳಷ್ಟೇ ಕಾರಣ ಅಲ್ಲ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಸೋಬಾನೆ ಪದ, ಬೀಸೋಕಲ್ಲಿನ ಪದ ಬಲ್ಲ ಅಜ್ಜಿಯರಿದ್ದಾರೆ. ಆ ಪದಗಳು ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿವೆ, ನಿಮ್ಮ ಅಜ್ಜಿಯ ದನಿ ಯಾವ ಪುಸ್ತಕದಲ್ಲೂ ಇಲ್ಲ. ಒಳ್ಳೆ ಮೈಕ್ ತಗೊಂಡ ಮೇಲೆ ಮಾಡೋಣ ಅಂತ ಅದನ್ನು ಮುಂದಕ್ಕೆ ಹಾಕಬೇಡಿ. ಅದಕ್ಕೆ ಸಪ್ಲಿಮೆಂಟರಿ ಪರೀಕ್ಷೆ ಇರಲ್ಲ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅವರನ್ನು ಕೇಳಿ, ಒಪ್ಪಿದ್ರೆ ಕೌದಿ ಹಾಸಿ ಕೂರಿಸಿ, ಬೆನ್ನ ಹಿಂದೆ ಇನ್ನೊಂದು ಕಟ್ಟಿ, ಫ್ಯಾನ್ ಆರಿಸಿ, ಫೋನನ್ನು ಒಂದು ಗೇಣು ದೂರದಲ್ಲಿಡಿ. ಮೊದಲಿಗೆ ಅವರ ಹೆಸರು, ಊರು, ಆ ಪದ ಯಾರಿಂದ ಕಲಿತಿದ್ದು ಅಂತ ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಹಾಡಲಿ, ನಡುವೆ ಮಾತಾಡಬೇಡಿ.